ಸಾಂಸ್ಕೃತಿಕ ಆಘಾತ

ಸಾಂಸ್ಕೃತಿಕ ಆಘಾತ : ಉದ್ಯೋಗ, ವ್ಯಾಸಂಗ ಅಥವಾ ವಲಸೆಯ ನಿಮಿತ್ತ ಅಪರಿಚಿತ ಸಂಸ್ಕೃತಿಯ ನಡುವೆ ನೆಲಸಿದವರಲ್ಲಿ ತಲೆದೋರುವ ಗೊಂದಲ, ಆತಂಕ ಮತ್ತು ಅಸಹಾಯಕತೆಯ ಮನಃಸ್ಥಿತಿ. ಇದು ಮಾನವಶಾಸ್ತ್ರ ಹಾಗೂ ಸಾಮಾಜಿಕ ಮನೋವಿಜ್ಞಾನದ ಪರಿಕಲ್ಪನೆ. ಇದನ್ನು ಪ್ರಚಾರಕ್ಕೆ ತಂದವನು ಕೆನಡಾದಲ್ಲಿ ಹುಟ್ಟಿದ, ಫಿನ್ಲೆಂಡ್ ಮೂಲದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಆತ ಮಾಡಿದ ಭಾಷಣ 1960ರಲ್ಲಿ ಲೇಖನವಾಗಿ ಅಚ್ಚಾಯಿತು. ಹೊರದೇಶಕ್ಕೆ ಏಕಾಏಕಿ ಹೋದವರ ವೃತ್ತಿಸಂಬಂಧಿ ಕಾಯಿಲೆಯೆಂದು ಆತ ಇದನ್ನು ಬಣ್ಣಿಸಿದ.

ಓಬರ್ಗ್‌ನ ಪ್ರಕಾರ ಆಘಾತದ ಮೂಲ ದೊಡ್ಡ ಭಿನ್ನತೆಗಳಲ್ಲಿಲ್ಲ, ನಿತ್ಯವ್ಯವಹಾರದ ಸಣ್ಣ ಗುರುತುಗಳು ಕಳೆದುಹೋಗುವುದರಲ್ಲಿದೆ: ಯಾವಾಗ ಕೈಕುಲುಕಬೇಕು, ಎಷ್ಟು ಭಕ್ಷೀಸು ಕೊಡಬೇಕು, ಯಾವ ಮಾತನ್ನು ನಿಜವೆಂದು ತೆಗೆದುಕೊಳ್ಳಬೇಕು ಎಂಬಂಥವು. ಸ್ವಂತ ಊರಿನಲ್ಲಿ ಯೋಚಿಸದೆಯೇ ನಡೆದುಹೋಗುವ ಇವು ಹೊಸ ನೆಲದಲ್ಲಿ ಹೆಜ್ಜೆಹೆಜ್ಜೆಗೂ ತಡೆಯಾಗುತ್ತವೆ. ಪದೇಪದೇ ಕೈತೊಳೆಯುವುದು, ನೀರು–ಊಟದ ಬಗ್ಗೆ ಅತಿ ಶಂಕೆ, ಮೋಸಹೋಗುವ ಭಯ, ಮನೆಯ ಹಂಬಲ ಇದರ ಲಕ್ಷಣಗಳು. ಆರಂಭದ ಬೆರಗು, ಬಿಕ್ಕಟ್ಟು, ಚೇತರಿಕೆ, ಹೊಂದಾಣಿಕೆ ಎಂಬ ನಾಲ್ಕು ಹಂತಗಳನ್ನು ಗುರುತಿಸಲಾಗಿದೆ.

ನಾರ್ವೆಯ ಸ್ವೆರ್ರೆ ಲೈಸ್ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಹೋಗಿಬಂದ ನಾರ್ವೆ ವಿದ್ವಾಂಸರ ಅಧ್ಯಯನದಿಂದ, ಇಳಿದು ಮತ್ತೆ ಏರುವ ಹೊಂದಾಣಿಕೆಯ ವಕ್ರರೇಖೆಯನ್ನು ಮಂಡಿಸಿದ. ಈ ರೇಖೆ ಎಲ್ಲರಿಗೂ ಅನ್ವಯಿಸದು. ಹಲವರಲ್ಲಿ ಬೆರಗಿನ ಹಂತವೇ ಇಲ್ಲದೆ, ತಲಪಿದ ಆರಂಭದಲ್ಲೇ ಒತ್ತಡ ಅತ್ಯಧಿಕವಾಗಿರುವುದನ್ನು ನಂತರದ ಅಧ್ಯಯನಗಳು ತೋರಿಸಿವೆ. ತಾಯ್ನಾಡಿಗೆ ಮರಳಿದವರಲ್ಲೂ ಇಂಥದೇ ಸ್ಥಿತಿ ಕಾಣುವುದುಂಟು. ಅದಕ್ಕೆ ಮರುಪ್ರವೇಶದ ಆಘಾತ ಎಂದು ಹೆಸರು.