ಕುರಿಮರಿಯ ಮುದ್ರೆಯ ಬೆಳ್ಳಿಯ ಪೆನ್ನಿ

ಅರಸರ ಪ್ರಶಸ್ತಿಗಳನ್ನು ಶಿಲಾಶಾಸನಗಳಲ್ಲಿ ಓದಿ ಚರಿತ್ರೆಯನ್ನು ತಿಳಿಯುವುದು ನಮಗೆ ರೂಢಿಯಾಗಿದೆ. ಪ್ರಶಸ್ತಿಯು ಹೇಳದೆ ಬಿಟ್ಟ ನಾಡಿನ ಅಳಲನ್ನು ಒಮ್ಮೊಮ್ಮೆ ಸಣ್ಣ ನಾಣ್ಯವೊಂದು ಹೇಳುವುದುಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿರುವ, ಸುಮಾರು ಕ್ರಿ. ಶ. 1009ರ ಬೆಳ್ಳಿಯ ಪೆನ್ನಿಯು ಅಂಥದು.

ಅಂದು ಇಂಗ್ಲೆಂಡನ್ನು ಆಳುತ್ತಿದ್ದವನು ಎರಡನೆಯ ಎಥೆಲ್ರೆಡ್. ಈ ಹೆಸರಿಗೆ ‘ಶ್ರೇಷ್ಠವಾದ ಮಂತ್ರಾಲೋಚನೆ’ ಎಂದು ಅರ್ಥ. ಮುಂದಿನ ತಲೆಮಾರಿನವರು ಅದನ್ನೇ ತಿರುಗಿಸಿ ‘ದುರಾಲೋಚನೆಯವನು’ ಎಂದು ಹಾಸ್ಯಮಾಡಿದರು. ಅವನ ಕಾಲದಲ್ಲಿ ಡೆನ್ಮಾರ್ಕಿನ ಕಡೆಯ ವೈಕಿಂಗರು ಹಡಗುಗಳಲ್ಲಿ ಬಂದು ನಾಡನ್ನು ಸೂರೆಗೊಳ್ಳುತ್ತಿದ್ದರು. ಹಣ ಕೊಟ್ಟು ಅವರನ್ನು ಸಾಗಹಾಕುವ ಪದ್ಧತಿ ಬೆಳೆಯಿತು. 991ರಲ್ಲಿ ಕೊಟ್ಟುದು 10,000 ಪೌಂಡು. 1012ರಲ್ಲಿ ಕೊಟ್ಟುದು 48,000 ಪೌಂಡು ಎಂದು ಆ ಕಾಲದ ವೃತ್ತಾಂತವು ತಿಳಿಸುತ್ತದೆ. ಪೌಂಡಿಗೆ 240 ಪೆನ್ನಿಗಳಂತೆ ಎಣಿಸಿದರೆ, 1012ರ ಕಪ್ಪವೊಂದೇ ಒಂದು ಕೋಟಿ ಹದಿನೈದು ಲಕ್ಷ ಪೆನ್ನಿಗಳನ್ನು ಮೀರುತ್ತದೆ.

1008ರಲ್ಲಿ ಅರಸನು ನಾಡಿನಾದ್ಯಂತ ಹಡಗುಗಳನ್ನು ಕಟ್ಟಿಸಿದನು. ಮರುವರ್ಷ ಅವು ಸ್ಯಾಂಡ್‌ವಿಚ್ ಬಂದರಿನಲ್ಲಿ ನೆರೆದವು. ಆದರೆ ನಾಯಕರಲ್ಲಿಯೇ ಒಳಜಗಳ ಹುಟ್ಟಿ, ಒಬ್ಬನು 20 ಹಡಗುಗಳೊಡನೆ ಹೊರಟುಹೋದನು. ಅವನನ್ನು ಬೆನ್ನಟ್ಟಿದ 80 ಹಡಗುಗಳು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಅಪ್ಪಳಿಸಿದವು, ಬಳಿಕ ಬೆಂಕಿಗೆ ತುತ್ತಾದವು. ಪ್ರಜೆಗಳ ದುಡಿಮೆಯೆಲ್ಲವೂ ಹೀಗೆ ಮಣ್ಣುಪಾಲಾಯಿತು. ಅದೇ ಆಗಸ್ಟಿನಲ್ಲಿ ಥೋರ್ಕೆಲ್ ಎಂಬವನ ದೊಡ್ಡ ದಂಡು ಬಂದಿಳಿಯಿತು.

ಮನುಷ್ಯಪ್ರಯತ್ನವು ಸೋತೆಡೆಯಲ್ಲಿ ದೈವದ ಮೊರೆಹೊಗುವುದು ಲೋಕಸ್ವಭಾವವಷ್ಟೆ. ಸೆಪ್ಟೆಂಬರಿನ ಮೈಕಲ್ ಹಬ್ಬಕ್ಕೆ ಮುಂಚಿನ ಮೂರು ದಿನ ಪ್ರಾಪ್ತವಯಸ್ಕರೆಲ್ಲರೂ ರೊಟ್ಟಿ, ಸೊಪ್ಪು, ನೀರುಗಳಲ್ಲಿಯೇ ವ್ರತವಿದ್ದು, ಬರಿಗಾಲಲ್ಲಿ ಚರ್ಚಿಗೆ ನಡೆಯಬೇಕೆಂದು ರಾಜಾಜ್ಞೆಯಾಯಿತು. ಆ ದಿನಗಳಲ್ಲಿ ಗುಲಾಮರಿಗೂ ದುಡಿಮೆಯಿಂದ ಬಿಡುವು ದೊರೆಯಿತು. ನಮ್ಮ ಪೆನ್ನಿಯೂ ಈ ಪ್ರಾಯಶ್ಚಿತ್ತದ ಸಂದರ್ಭದ್ದೇ ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ರೂಢಿಯ ನಾಣ್ಯದಲ್ಲಿ ಅರಸನ ತಲೆಯಿರಬೇಕಾದ ಕಡೆ ಇದರಲ್ಲಿ ಕುರಿಮರಿಯೊಂದು ನಿಂತಿದೆ. ಅದು ಕ್ರೈಸ್ತರು ‘ದೇವರ ಕುರಿಮರಿ’ ಎಂದು ಕರೆಯುವ ಯೇಸುವಿನ ಸಂಕೇತ. ಹಿಂಬದಿಯಲ್ಲಿ ರೂಢಿಯ ಶಿಲುಬೆಗೆ ಬದಲಾಗಿ ರೆಕ್ಕೆ ಬಿಚ್ಚಿದ ಪಾರಿವಾಳ. ಅದು ಪವಿತ್ರಾತ್ಮದ ಗುರುತು. ಅರಸನ ಹೆಸರು ಅಂಚಿನ ಅಕ್ಷರಗಳಲ್ಲಿ ಮಾತ್ರ ಉಳಿದಿದೆ. ತನ್ನ ಮುಖವನ್ನೇ ತೆಗೆದಿಟ್ಟು ನಾಣ್ಯವನ್ನು ಪ್ರಾರ್ಥನೆಯಾಗಿಸಿದ ಅರಸರು ವಿರಳ.

ಲಂಡನ್ ಮೊದಲಾದ ದೊಡ್ಡ ಟಂಕಸಾಲೆಗಳಲ್ಲಿ ಇದು ಅಚ್ಚಾದುದು ಕಂಡುಬಂದಿಲ್ಲ. ಡರ್ಬಿ, ಸ್ಟ್ಯಾಫರ್ಡ್‌ಗಳಂಥ ಕೆಲವು ಊರುಗಳಲ್ಲಿ ಅಲ್ಪಕಾಲ ಅಚ್ಚಾಯಿತು. ಇಂದು ತಿಳಿದುಬಂದಿರುವುವು ಎರಡು ಡಜನಿನ ಆಸುಪಾಸು ಮಾತ್ರ. ವಿಚಿತ್ರವೆಂದರೆ, ಅವುಗಳಲ್ಲಿ ಹೆಚ್ಚಿನವು ಸಿಕ್ಕಿರುವುದು ಇಂಗ್ಲೆಂಡಿನಲ್ಲಲ್ಲ. ಸ್ಕ್ಯಾಂಡಿನೇವಿಯ ಮತ್ತು ಬಾಲ್ಟಿಕ್ ತೀರಗಳಲ್ಲಿ. ಯಾರಿಂದ ಕಾಪಾಡೆಂದು ಬೇಡಿ ಈ ಮುದ್ರೆಯನ್ನು ಒತ್ತಿದರೋ, ಅವರ ನಾಡಿನಲ್ಲಿಯೇ ಅದು ಉಳಿಯಿತು! ಕೆಲವಕ್ಕೆ ತೂತು ಕೊರೆದು ಕೊರಳಿಗೆ ಪದಕವಾಗಿ ಧರಿಸಿದ ಗುರುತೂ ಇದೆ.

ಕಾರಣವು ಸರಳವಾದುದು. ಇಂಗ್ಲೆಂಡಿನಲ್ಲಿ ಹೊಸ ಮುದ್ರೆ ಬಂದಾಗಲೆಲ್ಲ ಹಳೆಯ ಹಣವನ್ನು ಹಿಂದೆಗೆದುಕೊಂಡು ಕರಗಿಸುತ್ತಿದ್ದರು. ಮನೆಯಲ್ಲಿದ್ದುದು ಮೂಸೆಗೆ ಹೋಯಿತು. ಪರನಾಡಿಗೆ ಹೋಗಿ ಮಣ್ಣಿನಲ್ಲಿ ಹುದುಗಿದುದು ಬದುಕಿತು. ಪ್ರಾರ್ಥನೆಯಂತೂ ಅರಸನ ಸಿಂಹಾಸನವನ್ನು ಉಳಿಸಲಿಲ್ಲ. 1013ರಲ್ಲಿ ಅವನು ನಾರ್ಮಂಡಿಗೆ ಓಡಿಹೋದನು. ಮರಳಿ ಬಂದರೂ 1016ರಲ್ಲಿ ತೀರಿಕೊಂಡನು. ಆ ವರ್ಷವೇ ಡೇನ್ ವಂಶದ ಕನೂಟನು ದೊರೆಯಾದನು.

ನಮ್ಮ ಹೊಲಗದ್ದೆಗಳಲ್ಲಿಯೂ ನೇಗಿಲ ಮೊನೆಗೆ ಹಳೆಯ ನಾಣ್ಯ ತಾಗುವುದುಂಟು. ಹತ್ತು ರೂಪಾಯಿಗೆ ಮೀರಿದ ನಿಧಿ ದೊರೆತಲ್ಲಿ ಕಲೆಕ್ಟರರಿಗೆ ತಿಳಿಸತಕ್ಕದ್ದೆಂದು 1878ರ ನಿಧಿ ಕಾಯಿದೆಯು ವಿಧಿಸಿತು. ಅಕ್ಕಸಾಲೆಯ ಮೂಸೆಗೆ ಬಿದ್ದ ನಾಣ್ಯದಿಂದ ದೊರೆಯುವುದು ಒಂದಿಷ್ಟು ಲೋಹ ಮಾತ್ರ. ಅದರೊಡನೆ ನಮ್ಮ ಹಿರಿಯರ ಒಂದು ಮಾತೂ ಕರಗಿಹೋಗುತ್ತದೆ ಎಂಬುದನ್ನು ನಾವು ಮರೆಯಲಾಗದು.