ದುಬೈ ಪತ್ರ – 7: ಇಂಟರ್‌ನ್ಯಾಷನಲ್ ಸಿಟಿಯ ಬಾಡಿಗೆ ಪುರಾಣ

ಮುಂದಿನ ತಿಂಗಳು ಡ್ಯೂಟಿಗೆ ಸೇರಲು ಬರುತ್ತಿರುವ ನಮ್ಮೂರ ಹುಡುಗಿಯರಿಬ್ಬರು, "ಅಕ್ಕಾ, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕಮ್ಮಿಗೆ ರೂಮು ಸಿಗುತ್ತಂತೆ, ಹೌದಾ?" ಎಂದು ಕೇಳಿದ್ದಾರೆ. ಹೌದು. ಯಾಕೆ ಕಮ್ಮಿ ಅನ್ನುವುದಕ್ಕೆ ಒಂದು ಕತೆಯಿದೆ.

2002ರಲ್ಲಿ ದುಬೈ ಕೆಲವು ಜಾಗಗಳಲ್ಲಿ ಹೊರದೇಶದವರೂ ಮನೆ ಕೊಳ್ಳಬಹುದು ಎಂದಿತು. ಆ ಭರಾಟೆಯಲ್ಲೇ ನಖೀಲ್ ಕಂಪನಿ ಅಲ್ ವರ್ಸಾನ್‌ನ ಮರಳಲ್ಲಿ ಈ ಬಡಾವಣೆ ಎಬ್ಬಿಸಿತು. ಪಕ್ಕದ ಡ್ರ್ಯಾಗನ್ ಮಾರ್ಟ್ 2004ರದ್ದು. ಇಲ್ಲಿನ ಕ್ಲಸ್ಟರ್‌ಗಳಿಗೆ ಚೀನಾ, ರಷ್ಯಾ, ಪರ್ಶಿಯಾ, ಮೊರಾಕೊ ಎಂದೆಲ್ಲ ಹೆಸರು. ನಾನು ಬಂದ ಹೊಸತರಲ್ಲಿ "ಫ್ರಾನ್ಸ್‌ನಲ್ಲಿ ಮನೆ ಸಿಕ್ಕಿತು" ಅಂದಿದ್ದಕ್ಕೆ ಅಮ್ಮ ಗಾಬರಿಯಾಗಿದ್ದರು! ಮೆಟ್ರೋ ದೂರ. ಜೊತೆಗೆ ಅಲ್ ಅವೀರ್‌ನ ಕೊಳಚೆ ನೀರಿನ ಘಟಕ ಹತ್ತಿರ. ಗಾಳಿ ಈ ಕಡೆ ತಿರುಗಿದ ದಿನ ಕಿಟಕಿ ತೆಗೆಯುವ ಹಾಗಿರಲಿಲ್ಲ. ಮನೆಯನ್ನು ಒಮ್ಮೆ ನೋಡಿ ಅಡ್ವಾನ್ಸ್ ಕೊಡಬೇಡಿ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ.

ಆಗ ಬಾಡಿಗೆ ಏರಿದ ವೇಗಕ್ಕೆ ಸರಕಾರವೇ ಬೆಚ್ಚಿತು. 2005ರಲ್ಲಿ ಏರಿಕೆಗೆ ಶೇ. 15ರ ಮಿತಿ ಹಾಕಿತು, 2007ಕ್ಕೆ ಅದನ್ನು ಶೇ. 7ಕ್ಕೆ ಇಳಿಸಿತು. ಅದೇ ವರ್ಷ 26ನೇ ನಂಬರಿನ ಬಾಡಿಗೆ ಕಾನೂನು ಬಂತು, 2008ರಲ್ಲಿ ತಿದ್ದುಪಡಿಯಾಯಿತು. ಆ ವರ್ಷದ ಕೊನೆಗೆ ಜಗತ್ತಿನ ಮಾರುಕಟ್ಟೆ ಕುಸಿದು ಬಾಡಿಗೆಯೂ ಬಿತ್ತು. 2010ರಲ್ಲಿ ಬಂದದ್ದು ಎಜಾರಿ. ಅರಬ್ಬಿಯಲ್ಲಿ ಹಾಗಂದರೆ "ನನ್ನ ಬಾಡಿಗೆ", ಅಂದರೆ ಕರಾರಿನ ಸರಕಾರಿ ನೋಂದಣಿ. 2013ರಿಂದ ಬಾಡಿಗೆ ಜಗಳಕ್ಕೇ ಪ್ರತ್ಯೇಕ ನ್ಯಾಯ ಕೇಂದ್ರವೂ ಇದೆ.

ಇದನ್ನೆಲ್ಲ ನಾನು ಓದಿದ್ದು ಆಸೆಯಿಂದಲ್ಲ. ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಬಂದರೆ ಮಾಲೀಕರ ವಾಟ್ಸಾಪ್: ತಿಂಗಳೊಳಗೆ ಖಾಲಿ ಮಾಡಿ, ಮನೆ ಮಾರುತ್ತೇವೆ. ಗಂಟುಮೂಟೆ ಕಟ್ಟಲು ಶುರುಮಾಡಿದ್ದೆ ಕೂಡ. ಆಮೇಲೆ ಗೊತ್ತಾಯಿತು: ಮಾರುವುದಕ್ಕಾದರೂ ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆ ಮೂಲಕ 12 ತಿಂಗಳ ನೋಟಿಸ್ ಕೊಡಬೇಕು, ವಾಟ್ಸಾಪ್ ಸಾಲದು. ಹಾಗೆಂದು ಮರ್ಯಾದೆಯಿಂದ ಬರೆದೆ. ಮತ್ತೆ ಯಾರೂ ಕೇಳಲಿಲ್ಲ.

ನನ್ನ ಹೆಸರಲ್ಲಿ ಎಜಾರಿ ಇತ್ತು, ಉಳಿದೆ. ಅದೇ ಮಹಡಿಯಲ್ಲಿ ಯಾರದೋ ಕರಾರಿನ ಮನೆಯಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದ ಒಬ್ಬಳು ಎರಡೇ ದಿನಕ್ಕೆ ಸೂಟ್‌ಕೇಸ್ ಸಮೇತ ಮೆಟ್ಟಿಲ ಮೇಲಿದ್ದಳು. ಕೇಳೋಣವೆಂದರೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಹುಡುಗಿಯರೇ, ರೂಮು ತೋರಿಸುವವರನ್ನು ಮೊದಲು ಕೇಳಬೇಕಾದ್ದು ಬಾಡಿಗೆಯಲ್ಲ, "ಎಜಾರಿ ಯಾರ ಹೆಸರಲ್ಲಿದೆ, ನಮ್ಮ ಹೆಸರು ಸೇರಿಸುತ್ತೀರಾ?" ಎಂದು. ಅಲ್ಲಿಯವರೆಗೆ ನಮ್ಮ ಮನೆಯ ಹಾಲ್ ಇದೆ, ಚಾಪೆಯೂ ಇದೆ. ಬರುವಾಗ ಸ್ವಲ್ಪ ಕುಚ್ಚಲಕ್ಕಿ ತನ್ನಿ.