ಶಕ್ತಿ ಸಂಶೋಧನೆಯಲ್ಲಿ ಸ್ತ್ರೀದೃಷ್ಟಿ

ಸೌದೆ ಹೊರುವವರು ಯಾರು, ಹೊಗೆ ಕುಡಿಯುವವರು ಯಾರು, ಬೆಳಕಿನ ಲಾಭ ಯಾರಿಗೆ ಎಂದು ಕೇಳುತ್ತಾ ಶಕ್ತಿಯ ಬಳಕೆಯನ್ನು ಅಳೆಯುವ ಅಧ್ಯಯನ ಕ್ರಮ. ಕರ್ನಾಟಕದಲ್ಲಿ ಇದಕ್ಕೆ ನೆಲೆ ಒದಗಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ಅಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕಟ್ಟಿದರು. ಅದರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ಬರೆಯಿತು.

ಅವುಗಳಲ್ಲೊಂದು ಪುರ. 1977ರಲ್ಲಿ ಅಲ್ಲಿ 56 ಮನೆ, 357 ಜನ. ಊರು ಬಳಸುತ್ತಿದ್ದ ಶಕ್ತಿಯಲ್ಲಿ ಶೇ. 89ರಷ್ಟು ಸೌದೆ, ವಿದ್ಯುತ್ತಿನ ಪಾಲು ಶೇ. 1ರ ಆಸುಪಾಸು. ಸುಮಾರು 10 ಕಿಲೋ ಸೌದೆಗೆ ಒಂದು ಮನೆಯವರು ದಿನಕ್ಕೆ ಸರಾಸರಿ 2.6 ಗಂಟೆ ಅಲೆಯುತ್ತಿದ್ದರು, ನೀರಿಗೆ ಮತ್ತೆ ಒಂದೂವರೆ ಗಂಟೆ. ಮನುಷ್ಯರ ದುಡಿಮೆಯಲ್ಲಿ ಹೆಂಗಸರದು ಶೇ. 53, ಗಂಡಸರದು 31, ಮಕ್ಕಳದು 16. ವಿದ್ಯುತ್ ಯೋಜನೆಗಳ ಲೆಕ್ಕದಲ್ಲಿ ಈ ದುಡಿಮೆಗೆ ಕಾಲಮ್ಮೇ ಇರಲಿಲ್ಲ.

ಸಂಶೋಧಕಿ ಶ್ರೀಲತಾ ಬಾಟ್ಲಿವಾಲಾ 1982ರಲ್ಲಿ ಈ ಅಂಕಿಗಳನ್ನು ಊಟದ ತಟ್ಟೆಯ ಪಕ್ಕ ಇಟ್ಟು ನೋಡಿದರು. ಹೆಂಗಸರು ಸವೆಸುವ ಕ್ಯಾಲೊರಿ ಹೆಚ್ಚು, ಉಣ್ಣುವುದು ಕಡಿಮೆ. ಒಲೆ ಸುಧಾರಿಸಿ ನೀರು ಹತ್ತಿರ ತಂದರೆ ಅದೂ ಪೌಷ್ಟಿಕತೆಯ ಕೆಲಸವೇ ಎಂಬುದು ಅವರ ವಾದ. ಅವರೂ ರೆಡ್ಡಿಯವರೂ ಸೇರಿ 2003ರಲ್ಲಿ ಬರೆದ ಲೇಖನ, ಹೆಂಗಸರನ್ನು ಫಲಾನುಭವಿಗಳಾಗಿ ಮಾತ್ರವಲ್ಲದೆ ಶಕ್ತಿ ವ್ಯವಸ್ಥೆ ನಡೆಸುವವರಾಗಿಯೂ ಕಾಣಬೇಕೆಂದಿತು.

ಇದೇ ಸಂಸ್ಥೆಯಿಂದ ಬಂದದ್ದು ಮೂರು ಪಾತ್ರೆ ಕೂರುವ, ಹೊಗೆಕೊಳವೆಯ ‘ಅಸ್ತ್ರ ಒಲೆ’. ಪುರದ ಸಮುದಾಯ ಗೋಬರ್ ಗ್ಯಾಸ್ ಸ್ಥಾವರದ ಅನಿಲ ಅಡುಗೆಗೆ ಸಾಲದಾದಾಗ, 1987ರಿಂದ ಅದರಲ್ಲಿ ವಿದ್ಯುತ್ ತಯಾರಿಸಿ ಮನೆಗೆ ದೀಪ, ನಲ್ಲಿಗೆ ಕೊಳವೆಬಾವಿಯ ನೀರು ಕೊಡಲಾಯಿತು. ತಂದ ಸಗಣಿಯನ್ನು ತೂಗಿ ಕೂಲಿ ಕೊಡುತ್ತಿದ್ದರು, ಬಗ್ಗಡ ಮತ್ತೆ ಗೊಬ್ಬರಕ್ಕೆ ಸಿಗುತ್ತಿತ್ತು. ಹೀಗೆ ಅನಿಲ ಅಡುಗೆಗೆ ಒದಗದಿದ್ದರೂ ಕೊಡ ಹೊರುವ ಕೆಲಸ ತಗ್ಗಿತು.

ಬಳ್ಳಾರಿ ಜಿಲ್ಲೆಯ ಕುಡುತಿನಿ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,700 ಮೆಗಾವಾಟ್. ಆದರೆ ಮೆಗಾವಾಟಿನ ಲೆಕ್ಕವಷ್ಟೇ ಸಾಲದು, ಅದೇ ಜಿಲ್ಲೆಯ ಸಿರುಗುಪ್ಪ ಕಡೆಯ ಕರೂರಿನಂಥ ಊರುಗಳಿಗೂ ಪುರದ ಬಗೆಯ ಲೆಕ್ಕ ಬೇಕು: ಸಿಲಿಂಡರ್ ಬಂದ ಮೇಲೂ ಹತ್ತಿಕಟ್ಟಿಗೆ, ಕುಳ್ಳು ಯಾರ ತಲೆಯ ಮೇಲಿವೆ, ಎಷ್ಟು ಹೊತ್ತು?

ಸೌರವಿದ್ಯುತ್ತು ಇದೇ ಪ್ರಶ್ನೆಯನ್ನು ಜಮೀನಿಗೆ ಒಯ್ದಿದೆ. ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರ ಕೈಸೇರಿತು. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ಜಮೀನಿಲ್ಲದ ಹೆಂಗಸರಿಗೆ ಕೂಲಿ ತಪ್ಪಿತು.